ಶಕ್ತಿಯ ಲೆಕ್ಕ: ರೈತರು ಓದತಕ್ಕ ಕೆಲವು ಬರಹಗಳು

ಬೀಜ, ಗೊಬ್ಬರಗಳ ವಿಷಯದಲ್ಲಿ ನಾಲ್ಕು ಕಡೆ ವಿಚಾರಿಸುವ ಬೇಸಾಯಗಾರರು ಒಲೆ, ಪಂಪುಸೆಟ್ಟು, ಗೋಬರ್ ಅನಿಲ ಸ್ಥಾವರಗಳ ವಿಷಯದಲ್ಲಿ ಮಾರುವವರ ಮಾತನ್ನೇ ನಂಬಿ ಹಣ ತೊಡಗಿಸುವುದುಂಟು. ಸಗಣಿ ಸಾಲದೆ ಪಾಳುಬಿದ್ದ ಸ್ಥಾವರಗಳು ಇದಕ್ಕೆ ಸಾಕ್ಷಿ. ಸಾಲ ಮಾಡುವ ಮೊದಲು ಒಂದೆರಡು ಬರಹಗಳನ್ನು ಓದಿಕೊಳ್ಳುವುದು ಲೇಸು.

ಮೊದಲು ತಿಳಿಯತಕ್ಕದ್ದು ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯ ಅಧ್ಯಯನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರಾರಂಭವಾದ ‘ಅಸ್ತ್ರ’ ಕೇಂದ್ರದ ಪ್ರೊ. ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು ಇದನ್ನು ನಡೆಸಿದರು. 1977ರಲ್ಲಿ ಆ ಊರಿನಲ್ಲಿ 56 ಮನೆ, 357 ಜನ. ಸೌದೆ, ಸೀಮೆಎಣ್ಣೆ, ವಿದ್ಯುತ್ತು, ಎತ್ತಿನ ದುಡಿಮೆ, ಮನುಷ್ಯರ ದುಡಿಮೆ ಎಲ್ಲವನ್ನೂ ಒಂದೇ ಅಳತೆಗೆ ತಂದು ಕೂಡಿಸಿದಾಗ ಶೇಕಡ 89 ಭಾಗ ಸೌದೆಯದೇ ಆಗಿತ್ತು! ಮನುಷ್ಯರ ದುಡಿಮೆ ಶೇಕಡ 7, ವಿದ್ಯುತ್ತು ಕೇವಲ 1. ಪಟ್ಟಣದಲ್ಲಿ ಶಕ್ತಿಯ ಅಭಾವವೆಂದರೆ ಪೆಟ್ರೋಲು, ವಿದ್ಯುತ್ತಿನ ಮಾತು. ಸೌದೆ ಆಯುವ, ನೀರು ಹೊರುವ ಹೆಂಗಸರು ಮಕ್ಕಳ ದುಡಿಮೆ ಅದುವರೆಗೆ ಯಾರ ಲೆಕ್ಕದಲ್ಲಿಯೂ ಇರಲಿಲ್ಲ.

ರೈತರಿಗೆ ಇನ್ನೂ ಉಪಯುಕ್ತವಾದದ್ದು ಮುಂದಿನ ಭಾಗ. ಸಮುದಾಯ ಸ್ಥಾವರದಿಂದ ಅಡುಗೆಗೆ ಅನಿಲ ಒದಗಿಸುವ ಪ್ರಯತ್ನ ಅಲ್ಲಿ ಕೈಗೂಡಲಿಲ್ಲ. ಎಲ್ಲ ಮನೆಗಳ ಒಲೆಗೆ ಸಾಲುವಷ್ಟು ಸಗಣಿಯೇ ಇರಲಿಲ್ಲ. ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಅನಿಲ ಬರುತ್ತದೆ. ಐದಾರು ಜನರ ಸಂಸಾರಕ್ಕೆ ದಿನಕ್ಕೆ ಸುಮಾರು 2 ಘನ ಮೀಟರ್ ಬೇಕು, ಎಂದರೆ 50 ಕಿಲೋ ಸಗಣಿ. ರಾಸಿಗೆ 10 ಕಿಲೋದಂತೆ ಹಿಡಿದರೂ ಐದು ರಾಸುಗಳಿರಬೇಕು. ಹಗಲೆಲ್ಲ ಮೇಯಲು ಹೋಗುವ ದನಗಳದಾದರೆ ಕೊಟ್ಟಿಗೆಯಲ್ಲಿ ಬಿದ್ದಷ್ಟೇ ಲೆಕ್ಕ. ಪುರದಲ್ಲಿ 1987ರಿಂದ ಅದೇ ಅನಿಲವನ್ನು ಡೀಸೆಲ್ ಎಂಜಿನ್ನಿಗೆ ಕೊಟ್ಟು ವಿದ್ಯುತ್ತು ತೆಗೆದು, ದೀಪಕ್ಕೂ ಕುಡಿಯುವ ನೀರೆತ್ತಲೂ ಬಳಸಿದರು. ಬಗ್ಗಡ ಸಗಣಿ ಕೊಟ್ಟವರ ಗೊಬ್ಬರಕ್ಕೇ ಮರಳಿತು. ಎಡವಿದ್ದನ್ನೂ ಬರೆದಿಡುವ ವರದಿಗಳು ಕಡಿಮೆ. ಆದುದರಿಂದಲೇ ಇದು ಬೆಲೆಯುಳ್ಳದ್ದು.

ಪ್ರೊ. ರೆಡ್ಡಿಯವರು ಇತರ ಮೂವರೊಂದಿಗೆ ಬರೆದು 1988ರಲ್ಲಿ ಪ್ರಕಟವಾದ ಶಕ್ತಿ ಕುರಿತ ಗ್ರಂಥವೂ ಇದೆ. ಇಂಗ್ಲಿಷಿನದು, ಸ್ವಲ್ಪ ಕಠಿಣ. ಕಾಲೇಜಿಗೆ ಹೋಗುವ ಮಕ್ಕಳಿಂದ ಓದಿಸಿ ಕೇಳಬಹುದು. ಕನ್ನಡದಲ್ಲಿ 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ಯಲ್ಲಿ ಕೃಷಿಕರು ತಮ್ಮ ಅನುಭವವನ್ನೇ ಬರೆದಿದ್ದಾರೆ. ಹಳೆಯ ಸಂಚಿಕೆ ಸಿಕ್ಕರೂ ಬಿಡಬಾರದು. ಮಕ್ಕಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಒಳ್ಳೆಯದು.

ಯಾರೂ ಓದದ ಬರಹವೊಂದು ಪ್ರತಿ ತೋಟದಲ್ಲಿಯೂ ಇದೆ: ಪಂಪಿನ ಮೇಲಿನ ತಗಡು. ಅದರಲ್ಲಿ ಅಶ್ವಶಕ್ತಿ, ನೀರೆತ್ತುವ ಎತ್ತರ, ಹೊರಬರುವ ನೀರಿನ ಪ್ರಮಾಣ ಬರೆದಿರುತ್ತದೆ. ಬಾವಿಯ ಆಳಕ್ಕೂ ತಗಡಿನಲ್ಲಿರುವ ಎತ್ತರಕ್ಕೂ ಹೊಂದಿಕೆಯಿಲ್ಲದಿದ್ದರೆ ವಿದ್ಯುತ್ತು ಪೋಲಾಗಿ ನೀರು ಕಡಿಮೆಯಾಗುತ್ತದೆ. 2019ರಲ್ಲಿ ಪ್ರಾರಂಭವಾದ ಕುಸುಮ್ ಯೋಜನೆಯ ಸೌರ ಪಂಪಿಗೆ ಅರ್ಜಿ ಹಾಕುವವರೂ ಇದನ್ನು ಮೊದಲು ನೋಡತಕ್ಕದ್ದು.

ಈಗ ಅನೇಕ ಮನೆಗಳಿಗೆ ಸಿಲಿಂಡರ್ ಬಂದಿದೆ. ಆದರೂ ಸ್ನಾನದ ಹಂಡೆಗೆ ಸೌದೆ ತಪ್ಪಿಲ್ಲ. ಒಂದು ವಾರ ಸೌದೆಯನ್ನೂ ಸಗಣಿಯನ್ನೂ ತಕ್ಕಡಿಗೆ ಹಾಕಿ, ಮಕ್ಕಳ ನೋಟುಪುಸ್ತಕದಲ್ಲಿ ದಿನದಿನವೂ ಬರೆದಿಟ್ಟು, ಆಮೇಲೆ ಸ್ಥಾವರದ ಅಳತೆಯನ್ನು ನಿರ್ಧರಿಸಬಹುದು.