ಐ.ಪಿ. ದೂರವಾಣಿಗಳಲ್ಲಿ ಘೋಷಣಾ ಚಾನೆಲ್‌ಗಳು: ಕೊಳ್ಳುವ ಮುನ್ನ ತಿಳಿದಿರಬೇಕಾದ ಅಂಶಗಳು

ಉದ್ದಿಮೆಯ ಆವರಣದಲ್ಲಿ ಏಕಕಾಲಕ್ಕೆ ಹಲವರಿಗೆ ಸೂಚನೆ ತಲುಪಿಸುವ ಅಗತ್ಯ ಹೊಸದೇನಲ್ಲ. ಮೊದಲು ಗಂಟೆ, ಅನಂತರ ಆಂಪ್ಲಿಫೈಯರಿಗೆ ಜೋಡಿಸಿದ ಹಾರ್ನ್ ಈ ಕೆಲಸ ಮಾಡುತ್ತಿದ್ದವು. ಇಂದು ಕಂಪ್ಯೂಟರ್ ಜಾಲದ ಮೇಲೆ ನಡೆಯುವ ಐ.ಪಿ. ದೂರವಾಣಿಗಳ ಅನೇಕ ಮಾದರಿಗಳಲ್ಲಿ ‘ಮಲ್ಟಿಕಾಸ್ಟ್ ಪೇಜಿಂಗ್’ ಸೌಲಭ್ಯ ಅಡಕವಾಗಿಯೇ ಬರುತ್ತದೆ. ಒಬ್ಬರು ಗುಂಡಿ ಒತ್ತಿ ಮಾತನಾಡಿದರೆ ಆ ಚಾನೆಲ್ಲಿಗೆ ಸೇರಿದ ಎಲ್ಲ ಫೋನುಗಳ ಸ್ಪೀಕರುಗಳು ತಾವಾಗಿ ನುಡಿಯುತ್ತವೆ.

ಇದರ ಲಾಭವನ್ನು ಲೆಕ್ಕದ ಮೂಲಕವೇ ನೋಡೋಣ. ಜಿ.711 ಎಂಬ ಸಾಮಾನ್ಯ ಧ್ವನಿ ಸಂಕೇತಕ್ಕೆ ಶಿರೋಭಾಗಗಳೂ ಸೇರಿ ಸುಮಾರು 80 ಕಿಲೋಬಿಟ್ ಬೇಕು. 40 ಫೋನುಗಳಿಗೆ ಪ್ರತ್ಯೇಕ ಕರೆ ಮಾಡಿದರೆ 3,200 ಕಿಲೋಬಿಟ್ ಆಗುತ್ತದೆ. ಮಲ್ಟಿಕಾಸ್ಟ್‌ನಲ್ಲಿ ಕಳುಹಿಸುವ ಫೋನಿನಿಂದ ಒಂದೇ ಪ್ರವಾಹ ಹೊರಡುವುದರಿಂದ 80 ಸಾಕು. ಇದು ಫೋನಿನಿಂದ ಫೋನಿಗೆ ನೇರವಾಗಿ ಹೋಗುವ ಕಾರಣ ಎಕ್ಸ್‌ಚೇಂಜ್ ಕೆಟ್ಟರೂ ಘೋಷಣೆ ನಡೆಯುತ್ತದೆ. ಆದರೆ ಸ್ವಿಚ್ಚಿಗೆ ಯು.ಪಿ.ಎಸ್. ಇಲ್ಲದಿದ್ದರೆ ವಿದ್ಯುತ್ ಹೋದ ಕ್ಷಣದಲ್ಲಿ ಎಲ್ಲವೂ ಮೌನ. ಬೆಂಕಿ ಅವಘಡದಲ್ಲಿ ಮೊದಲು ಕಡಿತಗೊಳ್ಳುವುದು ವಿದ್ಯುತ್ತೇ ಎಂಬುದನ್ನು ಮರೆಯಬಾರದು.

ಚಾನೆಲ್‌ಗಳನ್ನು ಖಾತೆಗಳ ಪಟ್ಟಿಯಂತೆ ಮೊದಲು ಕಾಗದದ ಮೇಲೆ ಬರೆಯತಕ್ಕದ್ದು. ಮಧುಗಿರಿ ಅಥವಾ ಶಿರಾದ ಒಂದು ಕಡಲೆಕಾಯಿ ಗಿರಣಿಯನ್ನು ಊಹಿಸಿಕೊಳ್ಳಿ. ಲಾರಿ ಬಂದ ಸುದ್ದಿ ತೂಕದ ಸೇತುವೆ ಮತ್ತು ಗೋದಾಮಿಗೆ ಸಾಕು. ಅದು ಕಚೇರಿಗೆ ಬೇಡ. ಆದ್ದರಿಂದ ಗೋದಾಮಿಗೆ 239.10.10.1, ಯಂತ್ರಶಾಲೆಗೆ 239.10.10.2, ಕಚೇರಿಗೆ 239.10.10.3, ಎಲ್ಲರಿಗೂ ಸೇರಿದ ತುರ್ತು ಚಾನೆಲ್ಲಿಗೆ 239.10.10.9 ಎಂದು ವಿಳಾಸ ನೀಡಬಹುದು. ಮಲ್ಟಿಕಾಸ್ಟ್ ವಿಳಾಸಗಳು 224ರಿಂದ 239ರವರೆಗೆ ಇದ್ದು, 239ರಿಂದ ಆರಂಭವಾಗುವವು ಖಾಸಗಿ ಬಳಕೆಗೆಂದೇ ಮೀಸಲು. ಒಂದೇ ವಿಳಾಸ ಇಟ್ಟುಕೊಂಡು ಪೋರ್ಟ್ ಸಂಖ್ಯೆ ಮಾತ್ರ ಬದಲಿಸುವುದು ಸುಲಭವೆನಿಸಿದರೂ ಸರಿಯಲ್ಲ. ಸ್ವಿಚ್ಚು ಬೇರ್ಪಡಿಸುವುದು ವಿಳಾಸವನ್ನು ನೋಡಿ. ಪೋರ್ಟನ್ನು ನೋಡಿ ಅಲ್ಲ.

ತುರ್ತು ಚಾನೆಲ್ಲಿಗೆ ಅತ್ಯುಚ್ಚ ಆದ್ಯತೆ ಕೊಟ್ಟು, ಯಾರಾದರೂ ಮಾತಿನಲ್ಲಿದ್ದರೂ ಆ ಕರೆಯನ್ನು ಸೀಳಿಕೊಂಡು ಬರುವಂತೆ ಪ್ರತಿ ಫೋನಿನಲ್ಲೂ ಹೊಂದಿಸಬೇಕು. ಆ ಗುಂಡಿ ಮೇಲ್ವಿಚಾರಕರು ಹಾಗೂ ಕಾವಲುಗಾರರ ಫೋನಿನಲ್ಲಿ ಮಾತ್ರ ಇದ್ದರೆ ಒಳಿತು. ಪಾವಗಡದಂತಹ ಗಡಿ ತಾಲ್ಲೂಕಿನಲ್ಲಿ ತುರ್ತು ವಾಕ್ಯವನ್ನು ಕನ್ನಡ, ತೆಲುಗು ಎರಡರಲ್ಲೂ ಬರೆದು ಫೋನಿನ ಪಕ್ಕ ಅಂಟಿಸಿಡುವುದು ಯಾವ ತಾಂತ್ರಿಕ ಹೊಂದಾಣಿಕೆಗೂ ಕಡಿಮೆಯಲ್ಲ. ಕಾಯಿ ಸುಲಿಯುವ ಯಂತ್ರದ ಸದ್ದಿನಲ್ಲಿ ಫೋನಿನ ಪುಟ್ಟ ಸ್ಪೀಕರು ಕೇಳಿಸದು. ಅಲ್ಲಿ ಅದೇ ಜಾಲಕ್ಕೆ ಸೇರುವ ಐ.ಪಿ. ಹಾರ್ನ್ ಬೇಕು.

ಅತ್ಯಂತ ಹೆಚ್ಚು ತೊಂದರೆ ಬರುವುದು ಸ್ವಿಚ್ಚಿನಲ್ಲಿ. ಸಾಧಾರಣ ಅಗ್ಗದ ಸ್ವಿಚ್ಚು ಮಲ್ಟಿಕಾಸ್ಟ್ ಧ್ವನಿಯನ್ನು ಎಲ್ಲ ಪೋರ್ಟುಗಳಿಗೂ ಸುರಿಯುತ್ತದೆ. ಸಣ್ಣ ಜಾಲಕ್ಕೆ ಅದರಿಂದ ಹಾನಿಯಿಲ್ಲ. ಉತ್ತಮ ಸ್ವಿಚ್ಚುಗಳಲ್ಲಿರುವ ‘ಐ.ಜಿ.ಎಂ.ಪಿ. ಸ್ನೂಪಿಂಗ್’ ಬೇಕಾದ ಪೋರ್ಟಿಗೆ ಮಾತ್ರ ಧ್ವನಿ ಕಳುಹಿಸುತ್ತದೆ. ಆದರೆ ಯಾರಿಗೆ ಬೇಕೆಂದು ಆಗಾಗ ವಿಚಾರಿಸುವ ‘ಕ್ವೆರಿಯರ್’ ಜಾಲದಲ್ಲಿ ಒಂದಾದರೂ ಇರಲೇಬೇಕು. ಅದಿಲ್ಲದಿದ್ದರೆ ಫೋನುಗಳನ್ನು ಚಾಲೂ ಮಾಡಿದೊಡನೆ ಪರೀಕ್ಷೆ ಸಫಲವಾಗಿ, ಸಾಮಾನ್ಯ ಹೊಂದಿಕೆಯಲ್ಲಿ 260 ಸೆಕೆಂಡುಗಳ ನಂತರ ಘೋಷಣೆ ತಲುಪುವುದೇ ನಿಂತುಹೋಗುತ್ತದೆ. ಆದ್ದರಿಂದ ಅಳವಡಿಸಿದವರಿಗೆ ಅಂತಿಮ ಕಂತು ನೀಡುವ ಮುನ್ನ ಅರ್ಧ ಗಂಟೆ ಬಿಟ್ಟು ಪುನಃ ಘೋಷಣೆ ಮಾಡಿಸಿ ನೋಡಿ. ವೈಫೈ ಫೋನುಗಳನ್ನು ಇದಕ್ಕೆ ನೆಚ್ಚಬೇಡಿ. ಅಲ್ಲಿ ಮಲ್ಟಿಕಾಸ್ಟ್ ಪೊಟ್ಟಣ ಕಳೆದುಹೋದರೆ ಮರುರವಾನೆ ಇಲ್ಲ. ಎಲ್ಲ ಫೋನುಗಳೂ ಒಂದೇ ಧ್ವನಿ ಸಂಕೇತವನ್ನು ಬಲ್ಲವಾಗಿರಬೇಕು. ಕೆಲವು ತಯಾರಕರ ಪೇಜಿಂಗ್ ಅವರದೇ ವಿಧಾನದ್ದಾದ್ದರಿಂದ ಬೇರೆ ಬ್ರಾಂಡಿನ ಫೋನುಗಳೊಡನೆ ಹೊಂದುವುದಿಲ್ಲ.

ಇನ್ನೊಂದು ಮಿತಿ ದೂರದ್ದು. ಮಲ್ಟಿಕಾಸ್ಟ್ ಘೋಷಣೆ ಸಾಮಾನ್ಯವಾಗಿ ರೌಟರನ್ನು ದಾಟದು. ಕೊರಟಗೆರೆಯ ಅಂಗಡಿಯಿಂದ ಹೊರಟ ಘೋಷಣೆ ಅಂತರ್ಜಾಲದ ಮೂಲಕ ಶಿರಾದ ಶಾಖೆಗೆ ಹೋಗುವುದಿಲ್ಲ. ರಾಯಚರ್ಲು, ತಿರುಮಣಿ ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿ, 2018ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ 2,050 ಮೆಗಾವಾಟ್ ಸಾಮರ್ಥ್ಯದ ಪಾವಗಡ ಸೌರ ಉದ್ಯಾನದಂತಹ ಬಯಲಿನಲ್ಲಿ ಸೇವೆ ಒದಗಿಸುವ ಗುತ್ತಿಗೆದಾರರು ಇದನ್ನು ಒಂದೊಂದು ಕಟ್ಟಡದೊಳಗಿನ ಸಾಧನವೆಂದೇ ಎಣಿಸಬೇಕು. ಬಯಲಿನಲ್ಲಿ ಓಡಾಡುವವರಿಗೆ ವಾಕಿಟಾಕಿಯೇ ತಕ್ಕದ್ದು.

ಲೆಕ್ಕಪರಿಶೋಧಕನಾಗಿ ಒಂದು ಆಕ್ಷೇಪಣೆ: ಘೋಷಣೆ ತಲುಪಿತೆಂಬುದಕ್ಕೆ ಈ ವ್ಯವಸ್ಥೆಯಲ್ಲಿ ರಸೀತಿ ಇಲ್ಲ. ತಿಂಗಳಿಗೊಮ್ಮೆ ತುರ್ತು ಚಾನೆಲ್ ಪರೀಕ್ಷಿಸಿ, ಪ್ರತಿ ಫೋನಿನ ಬಳಿ ಕೇಳಿಸಿತೇ ಎಂದು ರಿಜಿಸ್ಟರಿನಲ್ಲಿ ದಾಖಲಿಸಬೇಕು.

ಇನ್ನು ತೆರಿಗೆ. ವ್ಯವಹಾರಕ್ಕೆ ಬಳಸುವ ಈ ಸಾಧನಗಳ ಜಿ.ಎಸ್.ಟಿ.ಗೆ ನೋಂದಾಯಿತ ವರ್ತಕರು ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ಕಾಂಪೋಜಿಷನ್ ಯೋಜನೆಯಲ್ಲಿರುವವರಿಗೆ ಅದು ಸಿಗದು. ತೆರಿಗೆಯ ಮೊತ್ತವನ್ನೂ ಸೇರಿಸಿ ಸವಕಳಿ ಕ್ಲೇಮು ಮಾಡಿದರೆ ಆ ಜಮೆ ತಪ್ಪುತ್ತದೆ. ಕಂಪ್ಯೂಟರಿನೊಡನೆ ಬಳಸುವ ರೌಟರ್ ಮತ್ತು ಸ್ವಿಚ್ಚನ್ನು ಕಂಪ್ಯೂಟರಿನ ವರ್ಗಕ್ಕೆ ಸೇರಿಸಬಹುದೆಂದು ಆದಾಯ ತೆರಿಗೆ ಮೇಲ್ಮನವಿ ನ್ಯಾಯಾಧಿಕರಣದ ಮುಂಬಯಿ ವಿಶೇಷ ಪೀಠ ಡೇಟಾಕ್ರಾಫ್ಟ್ ಪ್ರಕರಣದಲ್ಲಿ 2010ರಲ್ಲಿ ತೀರ್ಪಿತ್ತಿತು. ಆ ವರ್ಗದ ಸವಕಳಿ ದರವನ್ನು 2017-18ನೇ ಆರ್ಥಿಕ ವರ್ಷದಿಂದ 60ರ ಬದಲು ಶೇ. 40ಕ್ಕೆ ಇಳಿಸಲಾಯಿತು. ಆದರೆ ಇ.ಪಿ.ಎ.ಬಿ.ಎಕ್ಸ್. ಹಾಗೂ ಮೊಬೈಲ್ ಫೋನು ಕಂಪ್ಯೂಟರಲ್ಲವೆಂದು ಫೆಡರಲ್ ಬ್ಯಾಂಕ್ ಪ್ರಕರಣದಲ್ಲಿ ಕೇರಳ ಉಚ್ಚ ನ್ಯಾಯಾಲಯ ಹೇಳಿದೆ. ಆದ್ದರಿಂದ ಫೋನು ಮತ್ತು ಹಾರ್ನ್‌ಗಳನ್ನು ಸಾಮಾನ್ಯ ಯಂತ್ರೋಪಕರಣಗಳ ಶೇ. 15ರಲ್ಲಿ ತೋರಿಸುವುದೇ ನನ್ನ ಸಲಹೆ. ಸರಬರಾಜುದಾರರು ‘ದೂರವಾಣಿ ವ್ಯವಸ್ಥೆ, ಒಟ್ಟು’ ಎಂದು ಒಂದೇ ಸಾಲಿನ ಬಿಲ್ಲು ಕೊಟ್ಟರೆ ಒಪ್ಪದೆ, ಸ್ವಿಚ್ಚು, ಫೋನು, ಹಾರ್ನ್ ಹಾಗೂ ಅಳವಡಿಕೆಯ ವೆಚ್ಚವನ್ನು ಬೇರೆ ಬೇರೆ ಸಾಲುಗಳಲ್ಲಿ ಬರೆಸಿಕೊಳ್ಳಿ.