ಮರೆವು, ಗುಟ್ಟು ಮತ್ತು ಓದುಗ: ‘ಘಾಚರ್ ಘೋಚರ್’ ಓದಿನ ಒಂದು ಪರಿಶೀಲನೆ

೧

ಕನ್ನಡ ವಿಮರ್ಶಾ ಪರಂಪರೆಯಲ್ಲಿ ಓದುಗನಿಗೆ ದೊರೆತಿರುವ ಸ್ಥಾನ ವಿಚಿತ್ರವಾದುದು. ಸಿದ್ಧಾಂತದ ನೆಲೆಯಲ್ಲಿ ಆತ ‘ಸಹೃದಯ’. ಕೃತಿಯ ಅರ್ಥ ಪೂರ್ಣಗೊಳ್ಳುವುದೇ ಅವನಲ್ಲಿ. ವ್ಯವಹಾರದಲ್ಲಿ ಮಾತ್ರ ವಿಮರ್ಶಕನ ಓದನ್ನೇ ಓದುಗನ ಓದೆಂದು ಭಾವಿಸಿ ನಾವು ಮುಂದೆ ಸಾಗುತ್ತೇವೆ. ಅದರಲ್ಲೂ ಕುತೂಹಲವನ್ನು ಆಧರಿಸಿ ನಡೆಯುವ ಕಥನಗಳ ಓದುಗನನ್ನು ‘ಜನಪ್ರಿಯ’ ಎಂಬ ಹಣೆಪಟ್ಟಿಯಡಿ ಬದಿಗಿರಿಸಿದ್ದೇ ಹೆಚ್ಚು. ಪುರುಷೋತ್ತಮ, ಮಧುಸೂದನ, ಅರಿಂಜಯರಂಥ ಪತ್ತೇದಾರರನ್ನು ಸೃಷ್ಟಿಸಿ ನೂರಾರು ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರು ಕನ್ನಡದಲ್ಲಿ ಎಷ್ಟೋ ಜನರನ್ನು ಓದಿಗೆ ಹಚ್ಚಿದರೆಂದು ಒಪ್ಪುವ ನಾವು, ಆ ಜನ ಹೇಗೆ ಓದಿದರೆಂದು ಕೇಳಿಕೊಂಡದ್ದು ಕಡಿಮೆ. ‘ಆಮೇಲೇನಾಯಿತು?’ ಎಂಬ ಪ್ರಶ್ನೆ ಎಳಸು ಓದುಗನದು, ‘ಇದರ ಅರ್ಥವೇನು?’ ಎಂಬುದು ಪ್ರಬುದ್ಧನದು ಎಂಬ ವಿಭಜನೆ ನಮ್ಮ ತರಗತಿಗಳಲ್ಲಿ ಈಗಲೂ ಉಳಿದಿದೆ.

ಈ ವಿಭಜನೆಯನ್ನು ಕದಡುವ ಕೃತಿ ವಿವೇಕ ಶಾನಭಾಗರ ‘ಘಾಚರ್ ಘೋಚರ್’. ೨೦೧೩ರಲ್ಲಿ ಕನ್ನಡದಲ್ಲಿ ಪ್ರಕಟವಾದ ಈ ನೀಳ್ಗತೆ, ಶ್ರೀನಾಥ್ ಪೇರೂರ್ ಅವರ ಅನುವಾದದಲ್ಲಿ ೨೦೧೫ರಲ್ಲಿ ಇಂಗ್ಲಿಷಿಗೂ, ೨೦೧೭ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಓದುಗರಿಗೂ ತಲುಪಿತು. ಮನೋವೈಜ್ಞಾನಿಕ ರೋಚಕ ಕಥನದ ಚಹರೆಗಳೆಲ್ಲ ಇದರಲ್ಲಿವೆ: ಒಂದು ಮನೆ, ಅದರೊಳಗಿನ ಗುಟ್ಟು, ಪೂರ್ತಿ ನಂಬಲಾಗದ ನಿರೂಪಕ, ಹಿಂತಿರುಗಬೇಕಾಗಿದ್ದು ಇನ್ನೂ ಬಾರದ ಹೆಂಡತಿ. ಆದರೆ ಅಂಥ ಕಥನ ಕೊನೆಯಲ್ಲಿ ಕೊಡಬೇಕಾದ ಉತ್ತರ ಮಾತ್ರ ಇಲ್ಲ. ಆದ್ದರಿಂದಲೇ ಕೃತಿಯನ್ನು ಓದಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಅನಿತಾಳಿಗೆ ಏನಾಯಿತು? ಈ ಪ್ರಶ್ನೆ ಓದುಗನ ಸೋಲೇ, ಕೃತಿಯ ಗೆಲುವೇ, ಅಥವಾ ಇವೆರಡನ್ನೂ ಮೀರಿದ ಇನ್ನೊಂದನ್ನು ಅದು ಮರೆಮಾಚುತ್ತಿದೆಯೇ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಲ್ಲಿನ ಗ್ರಹಿಕೆಗಳ ಹಿಂದೆ ಬೆಂಗಳೂರಿನ ದಂಡುಪ್ರದೇಶ, ಹಲಸೂರು ಹಾಗೂ ಇಂದಿರಾನಗರದ ಕೆಲವು ಓದುಗರೊಡನೆ ನಡೆದ ಬಿಡಿಬಿಡಿ ಮಾತುಕತೆಗಳಿವೆ. ಇದು ಸಮೀಕ್ಷೆಯಲ್ಲ; ವಾದದ ಭಾರವನ್ನು ಪಠ್ಯವೇ ಹೊರಬೇಕು.

೨

ಮರೆವನ್ನು ಕಥೆಯ ಬೀಗವಾಗಿ ಬಳಸುವ ಕ್ರಮ ಕನ್ನಡಕ್ಕೆ ಹೊಸದಲ್ಲ. ೨೦೧೫ರಲ್ಲಿ ತೆರೆಕಂಡ ಅನೂಪ್ ಭಂಡಾರಿಯವರ ‘ರಂಗಿತರಂಗ’ ಚಿತ್ರದಲ್ಲಿ ನಾಯಕ ಅಪಘಾತದಲ್ಲಿ ನೆನಪು ಕಳೆದುಕೊಂಡವನು. ಕಥೆ ಮುಗಿಯುವ ಹೊತ್ತಿಗೆ ಅವನು ಯಾರೆಂಬುದು ಪ್ರೇಕ್ಷಕನಿಗೆ ತಿಳಿಯುತ್ತದೆ. ೨೦೧೬ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದ ವೆಂಕೋಬರಾಯರಿಗೆ ಮರೆವಿನ ಕಾಯಿಲೆ. ಕಳೆದುಹೋದ ಅವರನ್ನು ಹುಡುಕುವುದೇ ಅಲ್ಲಿ ಕಥೆ. ಇದಕ್ಕೂ ಹಿಂದೆ ತ್ರಿವೇಣಿಯವರು (೧೯೨೮–೧೯೬೩) ‘ಶರಪಂಜರ’ದಲ್ಲಿ ಮಾನಸಿಕ ಅಸ್ವಸ್ಥತೆಯಿಂದ ಗುಣವಾಗಿ ಮನೆಗೆ ಮರಳಿದ ಹೆಣ್ಣನ್ನು ಮನೆ ಮತ್ತು ಸಮಾಜ ಹೇಗೆ ಮತ್ತೆ ಅಲ್ಲಿಗೇ ನೂಕುತ್ತವೆಂಬುದನ್ನು ತೋರಿಸಿದ್ದರು. ಪುಟ್ಟಣ್ಣ ಕಣಗಾಲರು ಅದನ್ನು ಚಿತ್ರವಾಗಿಸಿದ ಮೇಲೆ ಅದರ ಓದುಗವಲಯವೇ ಬೇರೆಯಾಯಿತು.

ಎರಡೂ ಚಲನಚಿತ್ರಗಳಲ್ಲಿ ಮರೆವು ಒಬ್ಬ ವ್ಯಕ್ತಿಯ ಮಿದುಳಿಗೆ ಸಂಬಂಧಿಸಿದ್ದು. ಅದಕ್ಕೊಂದು ಕಾರಣವಿದೆ, ಹೆಸರಿದೆ. ತ್ರಿವೇಣಿಯವರಲ್ಲಿ ಸ್ಥಿತಿ ತಿರುವುಮುರುವು: ಕಾವೇರಿ ತನ್ನ ಕಾಯಿಲೆಯನ್ನು ಮರೆತು ಬದುಕಲು ಸಿದ್ಧಳಿದ್ದಾಳೆ, ಮರೆಯಲೊಪ್ಪದವರು ಸುತ್ತಲಿನವರು. ‘ಘಾಚರ್ ಘೋಚರ್’ ಇನ್ನೊಂದು ದಿಕ್ಕಿಗೆ ಹೊರಳುತ್ತದೆ. ಇಲ್ಲಿ ಯಾರಿಗೂ ಯಾವ ಕಾಯಿಲೆಯೂ ಇಲ್ಲ. ನಿರೂಪಕನ ನೆನಪು ಚುರುಕಾಗಿಯೇ ಇದೆ. ಹಳೆಯ ಚಿಕ್ಕ ಮನೆಯ ಇರುವೆಗಳ ಸಾಲು, ತಂದೆ ಟೀ ಕಂಪನಿಯ ಮಾರಾಟಗಾರನಾಗಿ ದುಡಿಯುತ್ತಿದ್ದ ದಿನಗಳು, ಚಿಕ್ಕಪ್ಪನ ‘ಸೋನಾ ಮಸಾಲ’ ವ್ಯವಹಾರದಿಂದ ಹಣ ಬಂದ ಬಗೆ ಎಲ್ಲವನ್ನೂ ಆತ ವಿವರವಾಗಿ ಹೇಳಬಲ್ಲ. ಆದರೂ ಆ ಮನೆ ನಡೆಯುವುದು ಮರೆವಿನ ಮೇಲೆ. ದುಡಿಯುವ ಚಿಕ್ಕಪ್ಪ ಹೊರಗೆ ಏನು ಮಾಡುತ್ತಾನೆಂಬುದನ್ನು ಕೇಳಬಾರದು, ಕೇಳಿದ್ದರೂ ನೆನಪಿಟ್ಟುಕೊಳ್ಳಬಾರದು. ಮರೆವು ಇಲ್ಲಿ ಕಾಯಿಲೆಯಲ್ಲ, ಮನೆವಾರ್ತೆಯ ಒಂದು ಭಾಗ. ಅನ್ನ ಬೇಯಿಸಿದಷ್ಟೇ ಸಹಜವಾಗಿ ಅದನ್ನು ದಿನವೂ ಮಾಡಬೇಕಾಗುತ್ತದೆ.

ಈ ದೃಷ್ಟಿಯಿಂದ ಕೃತಿಯ ಅತ್ಯಂತ ಮುಖ್ಯ ಪ್ರಸಂಗ ಬಾಗಿಲಿಗೆ ಬಂದ ಹೆಂಗಸಿನದು. ಚಿಕ್ಕಪ್ಪನನ್ನು ಕೇಳಿಕೊಂಡು, ಅವನಿಗೆ ಇಷ್ಟವೆಂದು ಮಸೂರ್ ಬೇಳೆಯ ಅಡುಗೆಯನ್ನು ಕೈಯಲ್ಲಿ ಹಿಡಿದು ಬಂದವಳು ಆಕೆ. ಚಿಕ್ಕಪ್ಪ ಒಳಗಿದ್ದೂ ಹೊರಬರುವುದಿಲ್ಲ. ಅಮ್ಮ ಮತ್ತು ಮಾಲತಿ ಆಕೆಯನ್ನು ಬೈಗುಳದಿಂದ ಹೊಡೆದಟ್ಟುತ್ತಾರೆ. ತಂದ ಅಡುಗೆ ನೆಲಕ್ಕೆ ಚೆಲ್ಲುತ್ತದೆ. ಮನೆಯಲ್ಲಿ ಇದನ್ನು ತಪ್ಪೆಂದು ಹೇಳುವವಳು ಸೊಸೆ ಅನಿತಾ ಒಬ್ಬಳೇ. ಆ ಮಾತಿನಿಂದ ಅವಳು ಮನೆಯೊಳಗಿದ್ದೂ ಹೊರಗಿನವಳಾಗುತ್ತಾಳೆ. ಅವಳ ಅಪರಾಧ ಗುಟ್ಟನ್ನು ಬಯಲು ಮಾಡಿದ್ದಲ್ಲ. ಗುಟ್ಟೇನೆಂಬುದು ಎಲ್ಲರಿಗೂ ಗೊತ್ತೇ ಇತ್ತು. ಎಲ್ಲರೂ ಮರೆಯಬೇಕಾದದ್ದನ್ನು ನೆನಪಿನಲ್ಲಿ ಉಳಿಸಿಕೊಂಡದ್ದೇ ಅವಳ ಅಪರಾಧ.

೩

ಕೃತಿಯ ಕೊನೆಯನ್ನು ಓದುಗರು ಸ್ಥೂಲವಾಗಿ ಮೂರು ಬಗೆಯಲ್ಲಿ ಗ್ರಹಿಸುವುದನ್ನು ಗಮನಿಸಬಹುದು. ಮೊದಲನೆಯವರ ಪ್ರಕಾರ ಅನಿತಾಳ ಕೊಲೆಯಾಗಿದೆ, ಅದನ್ನು ಮನೆಯವರೇ ಮಾಡಿಸಿದ್ದಾರೆ. ಎರಡನೆಯವರ ಪ್ರಕಾರ ಏನೂ ಆಗಿಲ್ಲ. ತವರೂರು ಹೈದರಾಬಾದಿನಿಂದ ಅವಳು ಬರುವುದು ತಡವಾಗಿದೆ, ಅಪರಾಧಿ ಮನಸ್ಸಿನ ನಿರೂಪಕ ಕೇಡನ್ನು ಊಹಿಸಿಕೊಳ್ಳುತ್ತಿದ್ದಾನೆ. ಮೂರನೆಯವರ ಆಕ್ಷೇಪ ಲೇಖಕರ ಮೇಲೆಯೇ: ಇಷ್ಟು ದೂರ ಕರೆತಂದು ಬಾಗಿಲಲ್ಲೇ ಕೈಬಿಡುವುದು ಓದುಗನಿಗೆ ಮಾಡುವ ಮೋಸ.

ಮೊದಲ ಓದಿಗೆ ಪಠ್ಯದಲ್ಲಿ ಆಧಾರಗಳಿಲ್ಲದಿಲ್ಲ. ಇರುವೆಗಳನ್ನು ಕೊಲ್ಲುವುದರಲ್ಲಿ ಮನೆಮಂದಿ ಕಂಡುಕೊಳ್ಳುವ ತೃಪ್ತಿ, ಕೊಲೆಗಳ ಬಗ್ಗೆ ಅವರು ತಿಂಡಿಯ ಹೊತ್ತಿನಲ್ಲಿ ಹಗುರಾಗಿ ಆಡುವ ಮಾತು, ಕಾಫಿ ಹೌಸಿನಲ್ಲಿ ಗಾಜಿನ ಲೋಟ ಒಡೆದು ನಿರೂಪಕನ ಕೈಗೆ ಅಂಟುವ ರಕ್ತ, ಅದನ್ನು ತೊಳೆದುಕೊಳ್ಳಿರೆಂದು ಸೂಚಿಸುವ ವಿನ್ಸೆಂಟ್ ಇವೆಲ್ಲ ಒಂದೇ ಕಡೆಗೆ ಬೆರಳು ತೋರುತ್ತವೆ. ಎರಡನೆಯ ಓದಿಗೂ ಆಧಾರವಿದೆ: ಶವವಿಲ್ಲ, ಸುದ್ದಿಯಿಲ್ಲ, ಯಾರೊಬ್ಬರ ಒಪ್ಪಿಗೆಯ ಮಾತೂ ಇಲ್ಲ. ಜರ್ಮನ್ ಚಿಂತಕ ವುಲ್ಫ್‌ಗಾಂಗ್ ಇಸರ್ ಹೇಳುವಂತೆ, ಪಠ್ಯದಲ್ಲಿರುವ ತೆರಪುಗಳನ್ನು ತುಂಬುವ ಕ್ರಿಯೆಯಲ್ಲಿಯೇ ಓದುಗ ಕೃತಿಯ ಪಾಲುದಾರನಾಗುತ್ತಾನೆ. ಆದರೆ ತುಂಬುವುದಕ್ಕೂ ಮುಚ್ಚುವುದಕ್ಕೂ ವ್ಯತ್ಯಾಸವಿದೆ.

ಈ ವ್ಯತ್ಯಾಸವನ್ನು ವಿವರಿಸಲು ನಮ್ಮದೇ ಪರಿಭಾಷೆ ಹೆಚ್ಚು ನೆರವಾಗುತ್ತದೆ. ಆನಂದವರ್ಧನ ಪ್ರತಿಪಾದಿಸಿದ ಧ್ವನಿಯನ್ನು ವಸ್ತು, ಅಲಂಕಾರ, ರಸ ಎಂದು ಮೂರಾಗಿ ವಿಂಗಡಿಸಲಾಗಿದೆ. ‘ಅನಿತಾ ಸತ್ತಿದ್ದಾಳೆ’ ಎಂದು ತೀರ್ಮಾನಿಸುವ ಓದುಗ ಕೊನೆಯ ಪುಟಗಳಲ್ಲಿ ವಸ್ತುಧ್ವನಿಯನ್ನು ಕೇಳುತ್ತಾನೆ. ಹೇಳದೆ ಉಳಿದ ಒಂದು ಸಂಗತಿ ಅವನಿಗೆ ಸಿಕ್ಕುತ್ತದೆ. ಪಠ್ಯ ನಿಜಕ್ಕೂ ಧ್ವನಿಸುವುದು ಸಂಗತಿಯನ್ನಲ್ಲ, ಸಾಧ್ಯತೆಯನ್ನು. ತನ್ನ ಮನೆಯವರು ತನ್ನ ಹೆಂಡತಿಯನ್ನು ಕೊಲ್ಲಿಸಿರಬಹುದೆಂದು ಒಬ್ಬ ಮಗನಿಗೆ ಅನ್ನಿಸುತ್ತದೆ, ಹಾಗೆ ಅನ್ನಿಸಿದ ಮೇಲೂ ಅವನು ಕಾಫಿ ಹೌಸಿನಲ್ಲಿ ಕುಳಿತೇ ಇರುತ್ತಾನೆ. ಕೊಲೆ ನಡೆದಿದೆಯೋ ಇಲ್ಲವೋ, ಈ ಎರಡು ಮಾತುಗಳು ನಿಜವಾಗಿಯೇ ಉಳಿಯುತ್ತವೆ. ಕೃತಿಯ ಭಯಾನಕ ಇರುವುದು ಇಲ್ಲಿ. ಉತ್ತರ ಕೊಟ್ಟಿದ್ದರೆ ಅಪರಾಧ ಚಿಕ್ಕಪ್ಪನ ಪಾಲಿಗೆ ಹೋಗಿ, ನಿರೂಪಕ ಬರಿಯ ಸಾಕ್ಷಿಯಾಗಿ ಪಾರಾಗುತ್ತಿದ್ದ. ಆದ್ದರಿಂದ ಉತ್ತರವಿಲ್ಲದಿರುವುದು ಮೋಸವೆಂಬ ಮೂರನೆಯ ಆಕ್ಷೇಪ ನಿಲ್ಲುವುದಿಲ್ಲ. ಆದರೆ ಆ ಆಕ್ಷೇಪದಲ್ಲಿರುವ ಸಿಟ್ಟು ಪ್ರಾಮಾಣಿಕವಾದುದು. ತಾನೂ ಆ ಮನೆಯ ತಿಂಡಿಯ ಮೇಜಿಗೆ ಕುಳಿತಿದ್ದೆನೆಂಬ ಅರಿವಿನಿಂದ ಹುಟ್ಟಿದ ಸಿಟ್ಟು ಅದು.

೪

ಇನ್ನೂ ಮುಖ್ಯವಾದ ಸಂಗತಿಯೊಂದಿದೆ. ಅನಿತಾಳಿಗೆ ಏನಾಯಿತೆಂದು ಕಾತರದಿಂದ ಕೇಳುವ ಓದುಗರಲ್ಲಿ, ಬಾಗಿಲಿಗೆ ಬಂದಿದ್ದ ಆ ಹೆಂಗಸಿಗೆ ಏನಾಯಿತೆಂದು ತಾವಾಗಿ ಕೇಳಿದವರು ನನ್ನ ಮಾತುಕತೆಗಳಲ್ಲಿ ಸಿಗಲಿಲ್ಲ. ನಿರೂಪಕನ ಹಳೆಯ ಒಡನಾಡಿ ಚಿತ್ರಾಳ ವಿಷಯವೂ ಅಷ್ಟೆ. ಹೆಣ್ಣುಮಕ್ಕಳ ಪರವಾಗಿ ದುಡಿಯುವ ಸಂಸ್ಥೆಯಲ್ಲಿದ್ದ ಅವಳು, ಮನೆಯಿಂದ ಹೊರದಬ್ಬಿಸಿಕೊಂಡ ಹೆಂಗಸರ ಕತೆಗಳನ್ನು ಅದೇ ಕಾಫಿ ಹೌಸಿನಲ್ಲಿ ಅವನಿಗೆ ಹೇಳುತ್ತಿದ್ದವಳು. ಒಂದು ದಿನ ಯಾವ ಮಾತೂ ಹೇಳದೆ ಅವನು ಅವಳನ್ನು ಕಾಣುವುದನ್ನೇ ನಿಲ್ಲಿಸುತ್ತಾನೆ. ಕಥನದಲ್ಲಿ ಕಾಣೆಯಾಗುವ ಹೆಣ್ಣು ಒಬ್ಬಳಲ್ಲ, ಮೂವರು. ಓದುಗ ಹುಡುಕಹೊರಡುವುದು ಒಬ್ಬಳನ್ನು ಮಾತ್ರ.

ಇದಕ್ಕೆ ಕಥನದ ವಿನ್ಯಾಸವೇ ಕಾರಣವೆಂದು ವಾದಿಸಬಹುದು; ಕುತೂಹಲ ಕೊನೆಯ ಗೈರುಹಾಜರಿಯನ್ನು ಹಿಂಬಾಲಿಸುವುದು ಸಹಜ. ಆದರೆ ವಿನ್ಯಾಸ ಅಷ್ಟಕ್ಕೇ ನಿಲ್ಲುವುದಿಲ್ಲ. ನಿರೂಪಕ ಮರೆತವರನ್ನೇ ಓದುಗನೂ ಮರೆಯುತ್ತಾನೆ, ಅದೂ ಅವನಷ್ಟೇ ನಿರಾಯಾಸವಾಗಿ. ಮದುವೆಯಾಗಿ ಮನೆಯೊಳಗೆ ಬಂದ ಅನಿತಾ ನಮ್ಮ ನೆನಪಿಗೆ ಹಕ್ಕುದಾರಳಾಗುತ್ತಾಳೆ. ಬಾಗಿಲಾಚೆ ನಿಂತವಳು ಆಗುವುದಿಲ್ಲ. ಆ ಮನೆಯ ನ್ಯಾಯವೂ ಇದೇ ಅಲ್ಲವೇ? ಹೀಗೆ ಮರೆವು ಪಾತ್ರದಿಂದ ಓದುಗನಿಗೆ ದಾಟುತ್ತದೆ. ಓದುಗನ ಪ್ರತಿಕ್ರಿಯೆ ಕೃತಿಯ ಹೊರಗಿನ ದಾಖಲೆಯಲ್ಲ, ಅದರ ಕೊನೆಯ ಅಧ್ಯಾಯವೆಂದೇ ಹೇಳಬೇಕಾಗುತ್ತದೆ.

೫

ಈ ಓದುಗ ಯಾರು ಎಂಬ ಪ್ರಶ್ನೆಗೆ ಸ್ಥಳದ ಆಯಾಮವೂ ಇದೆ. ೧೮೦೯ರಲ್ಲಿ ಬ್ರಿಟಿಷರು ನೆಲೆಗೊಳಿಸಿದ ದಂಡುಪ್ರದೇಶ ಪೇಟೆಗಿಂತ ಬೇರೆಯಾದ ಆಡಳಿತ, ಭಾಷೆ, ನಡೆನುಡಿಗಳಲ್ಲಿ ಬೆಳೆಯಿತು. ೧೯೪೯ರಲ್ಲಿ ಎರಡೂ ಒಂದೇ ನಗರಪಾಲಿಕೆಯಡಿ ಸೇರಿದರೂ ಕನ್ನಡ ಕಥನದಲ್ಲಿ ದಂಡು ‘ಆ ಕಡೆ’ಯಾಗಿಯೇ ಬಹುಕಾಲ ಉಳಿಯಿತು. ‘ಘಾಚರ್ ಘೋಚರ್’ ಕಥೆಯ ಕಾಫಿ ಹೌಸನ್ನು ಈ ಭಾಗದ ಓದುಗರು ತಮಗೆ ಗೊತ್ತಿರುವ ಕಾಫಿ ಹೌಸೆಂದೇ ಓದುತ್ತಾರೆ. ಅದು ಎಂ.ಜಿ. ರಸ್ತೆಯಲ್ಲಿದ್ದು ೨೦೦೯ರಲ್ಲಿ ಚರ್ಚ್ ಸ್ಟ್ರೀಟಿಗೆ ಸ್ಥಳಾಂತರಗೊಂಡದ್ದು. ಮನೆಯ ಬಂಧುಗಳ ಕಿವಿಗೆ ಬೀಳದಂತೆ ಗಂಟೆಗಟ್ಟಲೆ ಕೂರಬಹುದಾದ ಇಂಥ ಜಾಗ, ಗುಟ್ಟನ್ನು ಹೇಳಿಕೊಳ್ಳಲೂ ಮರೆಯಲೂ ಸಮಾನವಾಗಿ ಒದಗುತ್ತದೆ. ನಿರೂಪಕ ಅಲ್ಲಿಗೆ ಬರುವುದು ಎರಡಕ್ಕೂ.

ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳ ಕನ್ನಡ ಮನೆಗಳಲ್ಲಿ ಇಂದು ಈ ಕೃತಿಗೆ ಎರಡು ಪ್ರವೇಶದ್ವಾರಗಳಿವೆ. ತಂದೆತಾಯಿ ಕನ್ನಡದಲ್ಲಿ ಓದಿದ್ದನ್ನು ಮಕ್ಕಳು ಇಂಗ್ಲಿಷಿನಲ್ಲಿ ಓದುತ್ತಾರೆ. ಅನುವಾದ ಅಪ್ಪ, ಅಮ್ಮ, ಚಿಕ್ಕಪ್ಪ ಎಂಬ ಪದಗಳನ್ನು ಹಾಗೆಯೇ ಉಳಿಸಿಕೊಂಡಿದೆ. ಆದರೂ ಕನ್ನಡ ಬಾರದ ಓದುಗನಿಗೆ ‘ಚಿಕ್ಕಪ್ಪ’ ಒಂದು ಹೆಸರು; ಕನ್ನಡದ ಓದುಗನಿಗೆ ಅದು ಋಣ. ಮದುವೆಯಾಗದೆ ಅಣ್ಣನ ಸಂಸಾರವನ್ನು ದುಡಿದು ಸಾಕುವ ಚಿಕ್ಕಪ್ಪನಿಗೆ ಮೊದಲ ತುತ್ತು, ಮೊದಲ ಮಾತು ಸಲ್ಲುವುದು ನಮಗೆ ಸಹಜವೆನಿಸುತ್ತದೆ; ಆ ಸಹಜತೆಯೇ ನಮ್ಮನ್ನು ಕುರುಡಾಗಿಸುತ್ತದೆ. ಬಾಗಿಲಿನ ಪ್ರಸಂಗವನ್ನು ನಾವು ‘ಮನೆಯ ಜಗಳ’ವೆಂದು ಓದಿ ದಾಟುವ ಅಪಾಯವಿದೆ. ಹೊರಗಿನ ಓದುಗ ಅದನ್ನು ‘ಭಾರತೀಯ ಕುಟುಂಬ’ದ ಮಾದರಿಯೆಂದು ಓದಿ ದಾಟುವ ಅಪಾಯವಿದೆ. ದಾರಿಗಳು ಬೇರೆ, ತಪ್ಪಿಸಿಕೊಳ್ಳುವುದು ಒಂದೇ.

ಶೀರ್ಷಿಕೆಯ ಮುಂದೆ ಮಾತ್ರ ಇಬ್ಬರೂ ಸಮಾನರು. ‘ಘಾಚರ್ ಘೋಚರ್’ ಕನ್ನಡವೂ ಅಲ್ಲ, ಬೇರಾವ ಭಾಷೆಯೂ ಅಲ್ಲ. ಬಿಡಿಸಲಾಗದ ಸಿಕ್ಕಿಗೆ ಅನಿತಾಳ ತವರಿನ ಮಕ್ಕಳು ಕಟ್ಟಿಕೊಂಡ ಮಾತು. ಒಂದು ಕುಟುಂಬದ ಗುಟ್ಟುಪದ. ಅವಳು ಅದನ್ನು ಗಂಡನಿಗೆ ಕೊಟ್ಟದ್ದು ಸಲುಗೆಯಿಂದ. ಕೊನೆಯಲ್ಲಿ ಆ ಮಾತು ಅವನ ಬಾಯಲ್ಲಿ ಉಳಿದಿದೆ, ಕೊಟ್ಟವಳು ಇಲ್ಲ. ಈಗ ಅದರ ಅರ್ಥ ಬಲ್ಲವರಲ್ಲಿ ಓದುಗನೂ ಒಬ್ಬ. ಗುಟ್ಟು ತಿಳಿದವನಿಗೆ ಹೊಣೆಯೂ ಬರುತ್ತದೆ ಎಂಬುದನ್ನು ಕೃತಿ ಇಷ್ಟು ಮೆಲ್ಲಗೆ ಹೇಳುತ್ತದೆ.

೬

ಒಟ್ಟಿನಲ್ಲಿ ಈ ಪರಿಶೀಲನೆಯಿಂದ ಎರಡು ಮಾತುಗಳನ್ನು ಮುಂದಿಡಬಹುದು. ಒಂದು, ‘ಆಮೇಲೇನಾಯಿತು?’ ಎಂಬ ಪ್ರಶ್ನೆಯನ್ನು ಎಳಸೆಂದು ತಳ್ಳಿಹಾಕುವ ವಿಮರ್ಶೆ, ಕೃತಿ ಓದುಗನೊಳಗೆ ಏನು ಮಾಡುತ್ತಿದೆಯೆಂಬುದನ್ನು ಅರಿಯುವ ದಾರಿಯನ್ನೇ ಕಳೆದುಕೊಳ್ಳುತ್ತದೆ. ಆ ಪ್ರಶ್ನೆ ಯಾರ ಬಗ್ಗೆ ಏಳುತ್ತದೆ, ಯಾರ ಬಗ್ಗೆ ಏಳುವುದಿಲ್ಲ ಎಂಬುದು ಓದುಗನ ಲೋಕದೃಷ್ಟಿಯ ಅತ್ಯಂತ ನಿಚ್ಚಳ ಸಾಕ್ಷಿ. ಎರಡು, ಮರೆವನ್ನು ವ್ಯಕ್ತಿಯ ಕಾಯಿಲೆಯೆಂದಷ್ಟೇ ನೋಡುವ ಮನೋವೈಜ್ಞಾನಿಕ ವಿಮರ್ಶೆ ಕುಟುಂಬ, ಜಾತಿ, ಹಣ ಇವು ದಿನನಿತ್ಯ ಉತ್ಪಾದಿಸುವ ಮರೆವನ್ನು ಓದಲು ಸಾಲದು. ಮಗಳು ಕಾಣದಾಗುವ, ಮನೆಬಾಗಿಲಿಗೆ ಅಪರಿಚಿತರು ಬರುವ ‘ಸಕೀನಾಳ ಮುತ್ತು’ (೨೦೨೧) ಕಾದಂಬರಿಯಲ್ಲಿಯೂ ವಿವೇಕ ಶಾನಭಾಗರು ಇದೇ ನೆಲವನ್ನು ಮತ್ತೆ ಅಗೆದಿರುವುದರಿಂದ, ಎರಡರ ಓದುಗಪ್ರತಿಕ್ರಿಯೆಗಳ ತೌಲನಿಕ ಅಧ್ಯಯನಕ್ಕೆ ಅವಕಾಶವಿದೆ.

ತರಗತಿಯಲ್ಲಿ ಈ ನೀಳ್ಗತೆಯನ್ನು ಪಾಠ ಮಾಡುವವರು ಮೊದಲು ವಿದ್ಯಾರ್ಥಿಗಳಿಗೆ ಅನಿತಾಳ ಬಗ್ಗೆ ಮನಸಾರೆ ವಾದಿಸಲು ಬಿಡಬೇಕು. ವಾದ ತಣ್ಣಗಾದ ಮೇಲೆ, ಮಸೂರ್ ಬೇಳೆಯ ಅಡುಗೆ ತಂದವಳು ಅಂದು ಆ ಬಾಗಿಲಿಂದ ಎಲ್ಲಿಗೆ ಹೋದಳೆಂದು ಕೇಳಬೇಕು. ಆಗ ತರಗತಿಯಲ್ಲಿ ಮೂಡುವ ಮೌನದಿಂದ ಕೃತಿಯ ನಿಜವಾದ ಓದು ಆರಂಭವಾಗುತ್ತದೆ.