ಗಣಕಭದ್ರತೆಯ ಮೊದಲ ಮೆಟ್ಟಿಲು

ಬಾಗಿಲಿಗೆ ಬೀಗ ಹಾಕುವುದನ್ನು ಎಲ್ಲರೂ ಬಲ್ಲರು. ಬೀಗ ಒಡೆದುದನ್ನು ಆ ಕ್ಷಣವೇ ಅರಿಯುವವನು ಕಾವಲುಗಾರ. ಗಣಕಜಾಲದ ಕಾವಲನ್ನು ವೃತ್ತಿಯಾಗಿ ಕೈಗೊಳ್ಳುವವರಿಗೆ ಅಮೆರಿಕದ ಕಾಂಪ್‌ಟಿಯಾ ಸಂಸ್ಥೆಯ ‘ಸೆಕ್ಯುರಿಟಿ ಪ್ಲಸ್’ ಪರೀಕ್ಷೆಯು ಮೊದಲ ಮೆಟ್ಟಿಲುಗಳಲ್ಲೊಂದು. ಇದಕ್ಕೆ ಪದವಿಯ ಕಟ್ಟುಪಾಡಿಲ್ಲ.

2023ರ ನವೆಂಬರಿನಲ್ಲಿ ಹೊರಬಂದ ಆವೃತ್ತಿಯಲ್ಲಿ 90 ನಿಮಿಷಗಳಿಗೆ ಗರಿಷ್ಠ 90 ಪ್ರಶ್ನೆಗಳು. 100ರಿಂದ 900ರವರೆಗಿನ ಅಳತೆಯಲ್ಲಿ 750 ಪಡೆದವರು ಉತ್ತೀರ್ಣರು. ಐದು ವಿಭಾಗಗಳಲ್ಲಿ ಅತ್ಯಧಿಕ ಪಾಲು, ಶೇಕಡಾ 28, ನಿತ್ಯದ ಭದ್ರತಾ ಕಾರ್ಯಕ್ಕೆ ಮೀಸಲು. ಕೆಲವು ಪ್ರಶ್ನೆಗಳಿಗೆ ಉತ್ತರವನ್ನು ಆರಿಸಿದರೆ ಸಾಲದು, ಪರದೆಯ ಮೇಲೆ ಕೆಲಸವನ್ನೇ ಮಾಡಿ ತೋರಿಸಬೇಕು. ಆದುದರಿಂದ ಬರಿಯ ಕಂಠಪಾಠ ಫಲಿಸದು. ಅಭ್ಯಾಸಿಯು ಸ್ವಂತ ಯಂತ್ರದಲ್ಲಿಯೇ ಪ್ರಯೋಗ ನಡೆಸಬೇಕು. ಅಪ್ಪಣೆಯಿಲ್ಲದೆ ಪರರ ಯಂತ್ರವನ್ನು ಮುಟ್ಟಬಾರದು.

ಪ್ರಮಾಣಪತ್ರದ ಆಯುಷ್ಯ ಮೂರೇ ವರ್ಷ. ಕಳ್ಳನ ವಿದ್ಯೆ ದಿನದಿನಕ್ಕೂ ಬೆಳೆಯುತ್ತಿರುವಾಗ ಕಾವಲುಗಾರನ ಓದು ನಿಲ್ಲುವುದೆಂತು?